ಅರ್ಧ ಖಾಲಿಯಾದ ಮೇಲೂ ನೋಡುವಂತಿರಬೇಕು: ಶಿಲ್ಪದಂಥ ಬಡಿಸುವ ಪಾತ್ರೆಗಳ ವಿನ್ಯಾಸಕ್ಕೆ ಸಲಹೆ ಬೇಕು

(ಚರ್ಚಾವೇದಿಕೆಯ ಮಾತುಕತೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಹರಿವಾಣ

ಹನ್ನೆರಡು ಮಂದಿ ಅತಿಥಿಗಳಿಗೆ ಸಾಕಾಗುವಂತೆ ಮೂರು ಬಡಿಸುವ ಪಾತ್ರೆಗಳನ್ನು ವಿನ್ಯಾಸ ಮಾಡುತ್ತಿದ್ದೇನೆ. ಉದ್ದನೆಯದೊಂದು ಹರಿವಾಣ, ಎತ್ತರದ ಕಾಲಿನ ಮೇಲೆ ನಿಲ್ಲುವ ಬಟ್ಟಲು, ದ್ರವ ಪದಾರ್ಥಕ್ಕೆ ಮೂತಿಯಿರುವ ಪಾತ್ರೆ. ಮೂರೂ ಸ್ಟೋನ್‌ವೇರ್ ಮಣ್ಣಿನವು, ಅಂದರೆ ಹೆಚ್ಚು ಕಾವಿನಲ್ಲಿ ಸುಟ್ಟಾಗ ಕಲ್ಲಿನಂತೆ ಗಟ್ಟಿಯಾಗುವ ಮಣ್ಣು. ಸಾಲಾಗಿ ಇಟ್ಟಾಗ ಒಂದರ ಅಂಚು ಇನ್ನೊಂದರ ಅಂಚಿಗೆ ಕೂಡಿಕೊಂಡು, ಮೂರೂ ಸೇರಿ ಬೆಟ್ಟಸಾಲಿನ ಒಂದೇ ಗೆರೆಯಾಗಬೇಕು ಎಂಬುದು ಕಲ್ಪನೆ. ಹರಿವಾಣದ ಉದ್ದ ಸುಟ್ಟ ಮೇಲೆ 52 ಸೆಂಟಿಮೀಟರ್, ಅಗಲ 24.

ಗೆರೆಯ ಬಗ್ಗೆ ನನಗೆ ಅನುಮಾನವಿಲ್ಲ. ತೊಡಕು ಬೇರೆ ಕಡೆ ಇದೆ. ಪಾತ್ರೆಯ ಚಿತ್ರ ಬರೆಯುವಾಗ ನಾವೆಲ್ಲ ಅದನ್ನು ಒಂದೋ ಬರಿದಾಗಿ ಬರೆಯುತ್ತೇವೆ, ಇಲ್ಲವೇ ಅಂದವಾಗಿ ತುಂಬಿಸಿ ಬರೆಯುತ್ತೇವೆ. ಊಟ ನಡೆಯುತ್ತಿರುವಾಗ ಈ ಎರಡು ಸ್ಥಿತಿಗಳೂ ಇರುವುದಿಲ್ಲ. ತುಂಬಿದ ಹರಿವಾಣವನ್ನು ನೋಡುವ ಭಾಗ್ಯ ಮೊದಲು ಬಡಿಸಿಕೊಂಡವರದು. ಮೂರನೆಯವರಿಂದ ಹಿಡಿದು ಹನ್ನೆರಡನೆಯವರ ತನಕ ಎಲ್ಲರ ಮುಂದೆ ಬರುವುದು ಕೆದಕಿ ಬಿಟ್ಟ ಹರಿವಾಣವೇ. ಒಂದು ಕಡೆ ಗುಂಡಿ, ಇನ್ನೊಂದು ಕಡೆ ಚೂರುಪಾರು, ನಡುವೆ ಚಮಚ ಎಳೆದ ಗೀರು. ಅಷ್ಟು ಹೊತ್ತೂ ನಾವು ಕಷ್ಟಪಟ್ಟು ಕಡೆದ ರೂಪ ಎಲ್ಲಿರುತ್ತದೆ?

ಆದ್ದರಿಂದ ಅರ್ಧ ಖಾಲಿಯಾದ ಸ್ಥಿತಿಯನ್ನೇ ಮುಂದಿಟ್ಟುಕೊಂಡು ವಿನ್ಯಾಸ ಶುರು ಮಾಡಬೇಕು ಎಂಬುದು ನನ್ನ ನಿಲುವು. ಹೇಗೆ ಎಂಬುದಕ್ಕೆ ನಿಮ್ಮ ಅನುಭವ ಬೇಕು. ಶಿಲ್ಪ ಅಂಚಿನಲ್ಲಿರಬೇಕೇ, ತಳದಲ್ಲೇ, ಕಾಲಿನಲ್ಲೇ?

ಎರಕದ ಮನೆ

ತಳದಿಂದ ಶುರು ಮಾಡಿ. ಸಪಾಟಾದ ತಳದಲ್ಲಿ ಉಳಿದದ್ದೆಲ್ಲ ಬಿದ್ದಲ್ಲೇ ಬಿದ್ದಿರುತ್ತದೆ. ತಳಕ್ಕೆ ಒಂದು ಕಣಿವೆ ಕೊಟ್ಟರೆ ರಸವಿರುವ ಪದಾರ್ಥ ತಾನಾಗಿ ಅಲ್ಲಿಗೆ ಇಳಿದು ಕೂಡುತ್ತದೆ. ಒಣ ಪದಾರ್ಥ ತಾನಾಗಿ ಜಾರುವುದಿಲ್ಲ, ಜಾರಲೇಬೇಕೆಂದು ಇಳಿಜಾರು ಹೆಚ್ಚಿಸುತ್ತ ಹೋದರೆ ಹರಿವಾಣ ಆಲಿಕೆಯಾದೀತು. ಆದರೆ ತುಸು ಇಳಿಜಾರಿದ್ದರೂ ಬಡಿಸಿಕೊಳ್ಳುವವರ ಚಮಚ ಪದಾರ್ಥವನ್ನು ಕೆಳಮುಖವಾಗಿಯೇ ತಳ್ಳುತ್ತದೆ. ಕೈಗೆ ಅದು ಸಲೀಸು. ಹಾಗಾಗಿ ಖಾಲಿಯಾಗುವ ಭಾಗ ಮೇಲಿನ ದಂಡೆ, ಉಳಿಯುವ ಭಾಗ ಕಣಿವೆ ಎಂದು ನೀವೇ ಮೊದಲು ಗೊತ್ತುಮಾಡಿಕೊಳ್ಳಬಹುದು. ಶಿಲ್ಪದ ಮುಖ್ಯ ಕೆಲಸವನ್ನು ಮೊದಲು ಬರಿದಾಗುವ ಆ ದಂಡೆಗಳಲ್ಲಿ ಮಾಡಿ.

ಇನ್ನೊಂದು ಉಪಾಯವೂ ಇದೆ. ತಳದಲ್ಲಿ ಒಂದೂವರೆ ಸೆಂಟಿಮೀಟರ್ ಎತ್ತರದ ನುಣುಪಾದ ದಿಬ್ಬಗಳನ್ನು ಎಬ್ಬಿಸಿ ಹರಿವಾಣವನ್ನು ಮೂರು ನಾಲ್ಕು ಪಾತಿಗಳಾಗಿ ಒಡೆಯಿರಿ. ಜನ ಸಾಮಾನ್ಯವಾಗಿ ಒಂದು ಪಾತಿ ಮುಗಿಸಿಯೇ ಮುಂದಿನದಕ್ಕೆ ಕೈ ಹಾಕುತ್ತಾರೆ. ಆಗ ಕೆದಕಿದಂತೆ ಕಾಣುವುದು ಒಂದು ಪಾತಿ ಮಾತ್ರ. ಉಳಿದವು ಒಂದೋ ತುಂಬಿರುತ್ತವೆ, ಇಲ್ಲವೇ ಚೊಕ್ಕವಾಗಿ ಬರಿದಾಗಿರುತ್ತವೆ.

ಸಮಯವಿದ್ದರೆ ಹೆನ್ನಿಂಗ್ ಕೊಪ್ಪೆಲ್ ಅವರ ಬೆಳ್ಳಿ ಪಾತ್ರೆಗಳ ಚಿತ್ರಗಳನ್ನು ನೋಡಿ. ಶಿಲ್ಪಿಯಾಗಿ ತರಬೇತಿ ಪಡೆದವರು, ಡೆನ್ಮಾರ್ಕಿನ ಜಾರ್ಜ್ ಜೆನ್ಸನ್ ಸಂಸ್ಥೆಗೆ ಪಾತ್ರೆ ವಿನ್ಯಾಸ ಮಾಡಿದರು. 1952ರ ಅವರ ಹೂಜಿಯಲ್ಲಿ ಹಿಡಿ ಎಲ್ಲಿ ಮುಗಿದು ಹೊಟ್ಟೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಆಗುವುದಿಲ್ಲ. 1954ರ ಮುಚ್ಚಳವಿರುವ ಮೀನಿನ ಹರಿವಾಣವಂತೂ ಮುಚ್ಚಿದಾಗ ಪೂರ್ತಿ ಶಿಲ್ಪ, ತೆರೆದಾಗ ಪೂರ್ತಿ ಪಾತ್ರೆ. ಮೇಲೆ ಅಂಟಿಸಿದ ಅಲಂಕಾರ ಒಂದೂ ಇಲ್ಲ.

ಉಳಿಪೆಟ್ಟು

ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸಿಬಿಡುತ್ತೇನೆ. ಇಂಥ ಪಾತ್ರೆ ಮೇಜಿಗೆ ಬರುವುದು ಅತಿಥಿಗಳು ಬಂದ ದಿನ, ಅದೂ ಒಂದೆರಡು ಗಂಟೆ. ಮಿಕ್ಕ ದಿನಗಳೆಲ್ಲ ಅದು ಕಪಾಟಿನಲ್ಲೋ ಗೂಡಿನಲ್ಲೋ ಬರಿದಾಗಿ ನಿಂತಿರುತ್ತದೆ. ಅದರ ಆಯುಷ್ಯದ ಬಹುಪಾಲು ಖಾಲಿತನವೇ ಆಗಿರುವಾಗ ಅರ್ಧ ಖಾಲಿಯಾದ ಅರ್ಧ ಗಂಟೆಗಾಗಿ ಇಡೀ ರೂಪವನ್ನು ಬಗ್ಗಿಸುವುದು ನ್ಯಾಯವೇ?

ಚರಿತ್ರೆಯೂ ನನ್ನ ಪರವಾಗಿದೆ. ಇಟಲಿಯ ಶಿಲ್ಪಿ ಬೆನ್ವೆನುಟೊ ಚೆಲ್ಲಿನಿ 1540ರಿಂದ 1543ರ ನಡುವೆ ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸಿಸನಿಗೆ ಮಾಡಿಕೊಟ್ಟ ಚಿನ್ನದ ಉಪ್ಪಿನ ಪಾತ್ರೆಯನ್ನು ನೋಡಿ. ಸಮುದ್ರದೇವ ಮತ್ತು ಭೂದೇವಿ ಎದುರುಬದುರು ಕುಳಿತಿದ್ದಾರೆ. ಅವನ ಪಕ್ಕದ ದೋಣಿಯಲ್ಲಿ ಉಪ್ಪು, ಅವಳ ಪಕ್ಕದ ಪುಟ್ಟ ಮಂಟಪದಲ್ಲಿ ಮೆಣಸು. ದೋಣಿಯಲ್ಲಿ ಉಪ್ಪು ಎಷ್ಟು ಉಳಿದಿದೆ ಎಂದು ಯಾರು ನೋಡುತ್ತಾರೆ? 2003ರಲ್ಲಿ ವಿಯೆನ್ನಾದ ವಸ್ತುಸಂಗ್ರಹಾಲಯದಿಂದ ಅದನ್ನು ಕದ್ದವನು ಉಪ್ಪು ಇಡುವುದಕ್ಕಾಗಿ ಕದ್ದಿರಲಾರ. 2006ರಲ್ಲಿ ಅದು ಮರಳಿ ಸಿಕ್ಕಿತು.

ಬಡಿಸುವ ಕೈ

ಉಳಿಪೆಟ್ಟು ಅವರೇ, ದೊರೆಯ ಮೇಜಿನಲ್ಲಿ ಎತ್ತಿ ಕೊಡಲು ಆಳುಗಳಿದ್ದರು. ಇಲ್ಲಿ ಹನ್ನೆರಡು ಮಂದಿ ತಾವೇ ಕೈಯಿಂದ ಕೈಗೆ ದಾಟಿಸಬೇಕು. ನಾನು ಔತಣಗಳಲ್ಲಿ ಬಡಿಸುವ ಕೆಲಸ ಮಾಡುವವಳು. ಪಾತ್ರೆಯ ಚೆಲುವನ್ನು ನಾನು ಕಣ್ಣಿಗಿಂತ ಮೊದಲು ಮಣಿಕಟ್ಟಿನಿಂದ ಅಳೆಯುತ್ತೇನೆ.

ಮೊದಲು ತೂಕ. 52ಕ್ಕೆ 24ರ ಹರಿವಾಣ, ಎಂಟು ಮಿಲಿಮೀಟರ್ ದಪ್ಪ, ಮೇಲೆ ಶಿಲ್ಪದ ಅಂಚು ಎಂದರೆ ಬರಿದಾಗಿಯೇ ಸುಮಾರು ಎರಡೂವರೆ ಕಿಲೋ ಇದ್ದೀತು. ಎರಡು ಕಿಲೋ ಪದಾರ್ಥ ತುಂಬಿದರೆ ನಾಲ್ಕೂವರೆ. ಕುಳಿತವರು ತೋಳು ಚಾಚಿ ಒಂದು ಕೈಯಲ್ಲಿ ಹಿಡಿಯುವಂಥದ್ದಲ್ಲ.

ಇನ್ನು ಅದನ್ನು ದಾಟಿಸುವ ರೀತಿ. ಕೊಡುವವರು ಎರಡು ತುದಿಗಳನ್ನು ಹಿಡಿದಿರುತ್ತಾರೆ, ಯಾಕೆಂದರೆ ವಿನ್ಯಾಸಕಾರರು ಹಿಡಿಗಳನ್ನು ಅಲ್ಲೇ ಇಟ್ಟಿರುತ್ತಾರೆ. ತೆಗೆದುಕೊಳ್ಳುವವರಿಗೆ ಹಿಡಿಯಲು ಉಳಿಯುವುದು ಉದ್ದನೆಯ ಬದಿಗಳು ಮಾತ್ರ. ಅವರು ಒಂದು ಕೈಯನ್ನು ಅಡಿಗೆ ಕೊಟ್ಟು ಇನ್ನೊಂದು ಕೈಯ ಹೆಬ್ಬೆರಳನ್ನು ಅಂಚಿನ ಮೇಲೆ ಒತ್ತುತ್ತಾರೆ. ಅಂಚು ಸಣ್ಣದಾಗಿದ್ದರೆ ಹೆಬ್ಬೆರಳು ಪದಾರ್ಥದೊಳಗೆ ಹೋಗುತ್ತದೆ. ಕಾವಿದ್ದರೆ ಬೆರಳು ತಟ್ಟನೆ ಹಿಂದಕ್ಕೆ ಬರುತ್ತದೆ, ಅದೇ ಗಳಿಗೆಗೆ ಕೊಟ್ಟವರು ಕೈ ಬಿಟ್ಟಿರುತ್ತಾರೆ. ಹರಿವಾಣಗಳು ಒಡೆಯುವುದು ಹೆಚ್ಚಾಗಿ ಹೀಗೆ.

ಆದ್ದರಿಂದ ಒಂದು ಪಾತ್ರೆಗೆ ನಾಲ್ಕು ಕೈಗಳ ಜಾಗ ಬೇಕು. ಹೆಬ್ಬೆರಳಿಗೆ ನಾಲ್ಕು ಸೆಂಟಿಮೀಟರ್ ಅಗಲದ ಒಣ ಅಂಚು, ಅಡಿಯಲ್ಲಿ ಬೆರಳು ತೂರಿಸಲು ಮೇಜಿನಿಂದ ಎರಡೂವರೆ ಸೆಂಟಿಮೀಟರ್ ತೆರಪು. ನಿಮ್ಮ ಬೆಟ್ಟಸಾಲಿನ ಗೆರೆಯಲ್ಲಿ ತಗ್ಗುಗಳು ಇರುತ್ತವಲ್ಲ, ಆ ತಗ್ಗುಗಳನ್ನೇ ಉದ್ದನೆಯ ಬದಿಯಲ್ಲಿ ಕೈ ಬೀಳುವ ಜಾಗಕ್ಕೆ ತನ್ನಿ. ಎಲ್ಲಿ ಹಿಡಿಯಬೇಕು ಎಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಚಮಚದ ವಿಷಯ ಎಲ್ಲರೂ ಮರೆಯುತ್ತಾರೆ. ಬಡಿಸುವ ಚಮಚ ಉದ್ದನೆಯದು. ಇಳಿಜಾರಿನ ಅಂಚಿಗೆ ಒರಗಿಸಿಟ್ಟರೆ ಅದು ನಿಧಾನಕ್ಕೆ ಪಕ್ಕಕ್ಕೆ ತಿರುಗಿ, ಹಿಡಿಯ ಸಮೇತ ಒಳಗೆ ಜಾರಿ ಕೂರುತ್ತದೆ. ಮುಂದಿನ ಅತಿಥಿ ಎರಡು ಬೆರಳಿನಿಂದ ಅದನ್ನು ಹೆಕ್ಕಿ ತೆಗೆದು, ಒರೆಸಲು ಏನಾದರೂ ಸಿಗುತ್ತದೆಯೇ ಎಂದು ಸುತ್ತ ನೋಡುತ್ತಾರೆ. ಅಂಚಿನಲ್ಲಿ ಚಮಚದ ಕತ್ತು ಕೂರುವಂತೆ ಒಂದು ಕಚ್ಚು ಕೊಡಿ. ಎಡಗೈಯವರೂ ಇರುತ್ತಾರೆ, ಎದುರು ಬದಿಯಲ್ಲೂ ಒಂದಿರಲಿ.

ಹರಿವಾಣ

ಬಡಿಸುವ ಕೈ ಅವರೇ, ನಾಲ್ಕು ಕೈಗಳ ಮಾತು ನನ್ನ ಇಡೀ ಗೆರೆಯನ್ನು ಮತ್ತೆ ಬರೆಯುವಂತೆ ಮಾಡಿತು. ಈ ತನಕ ಶಿಖರಗಳು ಎಲ್ಲಿ ಬರಬೇಕು ಎಂದು ಯೋಚಿಸುತ್ತಿದ್ದೆ. ಈಗ ಮೊದಲು ತಗ್ಗುಗಳ ಜಾಗ ಗುರುತಿಸಿಕೊಂಡು, ಅವುಗಳ ನಡುವೆ ಶಿಖರಗಳನ್ನು ಏಳಲು ಬಿಡುತ್ತಿದ್ದೇನೆ. ರಟ್ಟಿನಲ್ಲಿ ಕತ್ತರಿಸಿ, ಒಳಗೆ ಮರಳಿನ ಚೀಲ ಇಟ್ಟು ಇಬ್ಬರು ಸ್ನೇಹಿತರ ನಡುವೆ ದಾಟಿಸಿ ನೋಡಿದೆ. ಕೈಗಳು ತಾವಾಗಿ ತಗ್ಗಿಗೇ ಹೋದವು.

ಎರಕದ ಮನೆಯವರ ಪಾತಿಗಳೂ ಸೇರಿಕೊಂಡಿವೆ. ಆದರೆ ದಿಬ್ಬಗಳ ಬುಡದಲ್ಲಿ ಪದಾರ್ಥ ಸಿಕ್ಕಿಕೊಳ್ಳುವುದಿಲ್ಲವೇ?

ತೊಳೆಯುವವ

ಇದಕ್ಕೇ ಕಾಯುತ್ತಿದ್ದೆ. ಶಿಲ್ಪ, ಗೆರೆ, ಬೆಟ್ಟ, ದೇವತೆ ಎಲ್ಲ ಆಯಿತು, ತೊಳೆಯುವವರ ಸುದ್ದಿ ಈಗ ಬಂತು.

ಮೂಲೆಯ ಒಳಬಾಗು ನಿಮ್ಮ ಕಿರುಬೆರಳ ತುದಿಗಿಂತ ಇಕ್ಕಟ್ಟಾಗಿದ್ದರೆ ಅಲ್ಲಿ ಸ್ಪಂಜು ತಲುಪುವುದಿಲ್ಲ. ದಿಬ್ಬದ ಬುಡದಲ್ಲಿ ಕನಿಷ್ಠ ಎಂಟು ಹತ್ತು ಮಿಲಿಮೀಟರ್ ತ್ರಿಜ್ಯದ ಬಾಗು ಕೊಡಿ. ಕೆತ್ತಿದ ಗೆರೆಗಳು ಆಳಕ್ಕಿಂತ ಅಗಲವಾಗಿರಲಿ. ಎಲೆ, ಹಕ್ಕಿ, ಬಳ್ಳಿ ಮುಂತಾದ ಬಿಡಿ ಆಕಾರಗಳನ್ನು ಅಂಟಿಸುವುದಾದರೆ ಹಿಂಬದಿಯ ಸಂದುಗಳನ್ನು ಪೂರ್ತಿ ತುಂಬಿ. ಒಳಗೆ ಟೊಳ್ಳಾದ ಕಾಲಿದ್ದರೆ ಸುಡುವಾಗ ಆವಿ ಹೋಗಲು ತೂತು ಬೇಕು, ನಿಜ. ಆದರೆ ಅದೇ ತೂತಿನಿಂದ ತೊಳೆಯುವ ನೀರು ಒಳಗೆ ಹೋಗಿ, ಅತಿಥಿಗಳ ಮುಂದೆ ಮೇಜಿನ ಬಟ್ಟೆಯ ಮೇಲೆ ಹೊರಗೆ ಬರುತ್ತದೆ. ನೆಟ್ಟಗೆ ನಿಲ್ಲಿಸಿದಾಗ ನೀರೆಲ್ಲ ಸೋರಿಹೋಗುವಂತೆ ತೂತನ್ನು ಕಾಲಿನ ಅತ್ಯಂತ ತಗ್ಗಿನಲ್ಲಿ ಇಡಿ, ಇಲ್ಲವೇ ಕಾಲಿನ ಅಡಿಯನ್ನು ಪೂರ್ತಿ ತೆರೆದೇ ಬಿಡಿ.

ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ಬರ್ನಾರ್ ಪಲಿಸಿ ಎಂಬಾತ ಹಾವು, ಕಪ್ಪೆ, ಮೀನುಗಳ ಅಚ್ಚು ತೆಗೆದು ಹರಿವಾಣದ ತುಂಬ ಮೆತ್ತಿದ. ನೋಡಲು ಅದ್ಭುತ. ತೊಳೆಯಲು ಕೊಟ್ಟರೆ ನಾನು ಕೆಲಸ ಬಿಡುತ್ತೇನೆ.

ಮಣ್ಣಿನ ಹದ

ಆವಿಗೆಯ (ಮಣ್ಣಿನ ಪಾತ್ರೆ ಸುಡುವ ಒಲೆ) ಕಡೆಯಿಂದ ಕೆಲವು ಮಾತು. 52 ಸೆಂಟಿಮೀಟರ್ ಸುಟ್ಟ ಮೇಲಿನ ಅಳತೆ ಎಂದಿದ್ದೀರಿ. ಸ್ಟೋನ್‌ವೇರ್ ಮಣ್ಣು ಹಸಿಯಿಂದ ಸುಡುವ ತನಕ ಸಾಮಾನ್ಯವಾಗಿ ಹತ್ತರಿಂದ ಹದಿಮೂರು ಶೇಕಡಾ ಕುಗ್ಗುತ್ತದೆ. ಹನ್ನೆರಡು ಎಂದಿಟ್ಟುಕೊಂಡರೆ ಹಸಿಯಲ್ಲಿ ಸುಮಾರು 59 ಸೆಂಟಿಮೀಟರ್ ಉದ್ದ ಮಾಡಬೇಕು. ಮೊದಲ ಸುಡುವಿಕೆಯಲ್ಲಿ ಕುಗ್ಗುವುದು ಅಲ್ಪ, ಹಾಗಾಗಿ ಒಣಗಿದ ಮೇಲಿನ ಅಳತೆ ಆವಿಗೆಯ ಹಲಗೆಯ ಮೇಲೆ ಕೂರುತ್ತದೆಯೇ ಎಂದು ಈಗಲೇ ನೋಡಿಕೊಳ್ಳಿ. ಎರಡು ಹಲಗೆ ಜೋಡಿಸಿ ನಡುವಿನ ಸಂದಿನ ಮೇಲೆ ಇಡುವ ಯೋಚನೆ ಬೇಡ. ಹಲಗೆಗಳ ಮಟ್ಟದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹರಿವಾಣ ಅದನ್ನು ನೆನಪಿಟ್ಟುಕೊಂಡು ಹೊರಗೆ ಬರುತ್ತದೆ.

1200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮಣ್ಣು ಮೆತ್ತಗಾಗುತ್ತದೆ, ಆಧಾರವಿಲ್ಲದೆ ಚಾಚಿದ ಭಾಗ ಬಾಗುತ್ತದೆ. ನಾಲ್ಕು ಸೆಂಟಿಮೀಟರ್ ಅಂಚು ಹೊರಚಾಚಿರಬೇಕು, ಅದರಡಿ ಬೆರಳಿಗೆ ತೆರಪು ಬೇಕು ಎಂದರೆ ಅಂಚನ್ನು ಸಪಾಟಾಗಿ ಚಾಚಬೇಡಿ, ಕೊಂಚ ಮೇಲಕ್ಕೆ ಎತ್ತಿ, ಬುಡದಲ್ಲಿ ದಪ್ಪ, ತುದಿಗೆ ತೆಳು ಮಾಡಿ. ಬೆಂಕಿ ಅದನ್ನು ಎಷ್ಟು ಇಳಿಸುತ್ತದೆ ಎಂದು ಒಂದು ತುಂಡು ಸುಟ್ಟು ನೋಡಿದರೆ ಎಷ್ಟು ಮೇಲಕ್ಕೆ ಎತ್ತಬೇಕು ಎಂದು ತಿಳಿಯುತ್ತದೆ.

ಉದ್ದನೆಯ ಪಾತ್ರೆ ಕುಗ್ಗುವಾಗ ಹಲಗೆಯ ಮೇಲೆ ಎಳೆದಾಡುತ್ತದೆ. ಅಡಿ ಸಿಕ್ಕಿಕೊಂಡರೆ ಸೀಳುತ್ತದೆ. ಅದೇ ಮಣ್ಣಿನ ತೆಳು ಹಾಳೆಯೊಂದನ್ನು ಅಡಿಗೆ ಇಟ್ಟು, ನಡುವೆ ಕಾವಿನಲ್ಲಿ ಅಂಟಿಕೊಳ್ಳದ ಅಲ್ಯುಮಿನಾ ಪುಡಿ ಉದುರಿಸಿ ಸುಡಿ. ಹಾಳೆಯೂ ಜೊತೆಗೇ ಕುಗ್ಗುವುದರಿಂದ ಎಳೆತ ಹಾಳೆಯ ಪಾಲಾಗುತ್ತದೆ.

ಶಿಖರಗಳು ಗಟ್ಟಿ ಮುದ್ದೆಯಾಗಿದ್ದರೆ ತೆಳು ತಳ ಮೊದಲು ಒಣಗಿ, ಶಿಖರ ಆಮೇಲೆ ಒಣಗಿ, ಸೇರುವ ಗೆರೆಯಲ್ಲೇ ಬಿರುಕು ಬಿಡುತ್ತದೆ. ಹದವಾಗಿ ಗಟ್ಟಿಯಾದಾಗ ಅಡಿಯಿಂದ ಶಿಖರಗಳನ್ನು ಕೊರೆದು ಟೊಳ್ಳು ಮಾಡಿ, ಗೋಡೆಯ ದಪ್ಪ ಎಲ್ಲೆಡೆ ಒಂದೇ ಇರಲಿ. ಆಮೇಲೆ ಪ್ಲಾಸ್ಟಿಕ್ ಹೊದಿಸಿ ನಿಧಾನಕ್ಕೆ ಒಣಗಿಸಿ. ತಣಿಸುವಾಗಲೂ ಆತುರ ಬೇಡ. 573 ಡಿಗ್ರಿಯ ಸುಮಾರಿಗೆ ಮಣ್ಣಿನೊಳಗಿನ ಸ್ಫಟಿಕ ಒಮ್ಮೆಲೇ ಗಾತ್ರ ಬದಲಿಸುತ್ತದೆ. ಚಿಕ್ಕ ಬಟ್ಟಲು ಅದನ್ನು ತಡೆದುಕೊಂಡೀತು, ಈ ಅಳತೆಯ ಹರಿವಾಣಕ್ಕೆ ಕಷ್ಟ.

ಗೆರೆಕೋನ

ನಾನು ಗಣಕದಲ್ಲಿ ಮಾದರಿ ಮಾಡಿ ಮುದ್ರಿಸುವವನು. ಮೂರು ಪಾತ್ರೆಗಳ ಅಂಚು ಒಂದಕ್ಕೊಂದು ಕೂಡಬೇಕು ಎನ್ನುವಾಗ ಕೈಯಿಂದ ಮಾಡುವುದಕ್ಕಿಂತ 3ಡಿ ಮುದ್ರಿತ ಮಾದರಿಯಿಂದ ಪ್ಲಾಸ್ಟರ್ ಅಚ್ಚು ತೆಗೆಯುವುದು ಒಳ್ಳೆಯದು. ಮಾದರಿಯನ್ನು ದೊಡ್ಡದು ಮಾಡುವಾಗ ಅನೇಕರು ಹನ್ನೆರಡು ಶೇಕಡಾ ಕುಗ್ಗುವುದಕ್ಕೆ ಹನ್ನೆರಡು ಶೇಕಡಾ ಹಿಗ್ಗಿಸುತ್ತಾರೆ. ಲೆಕ್ಕ ಹಾಗಲ್ಲ. 0.88ರಿಂದ ಭಾಗಿಸಬೇಕು, ಅಂದರೆ ಮೂಲದ 113.6 ಶೇಕಡಾ. 52 ಸೆಂಟಿಮೀಟರಿನಲ್ಲಿ ಈ ವ್ಯತ್ಯಾಸ ಮುಕ್ಕಾಲು ಸೆಂಟಿಮೀಟರ್ ಆಗುತ್ತದೆ. ಅಂಚು ಅಂಚಿಗೆ ಕೂಡಬೇಕಾದ ಕಡೆ ಅದು ಎದ್ದು ಕಾಣುತ್ತದೆ.

ಮುದ್ರಿಸಿದ ವಸ್ತುವನ್ನೇ ಬಡಿಸಲು ಬಳಸಬಹುದೇ ಎಂದು ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ, ಬೇಡ. 3ಡಿ ಮುದ್ರಣದಲ್ಲಿ ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಪದರಗಳ ನಡುವಿನ ಗೀರುಗಳಲ್ಲಿ ಪದಾರ್ಥ ನಿಂತು ಕೆಡುತ್ತದೆ.

ಎರಕದ ಮನೆ

ಬಟ್ಟಲಿನ ಕಾಲಿನ ಬಗ್ಗೆ ಯಾರೂ ಮಾತಾಡಿಲ್ಲ. ಹರಿವಾಣ ಅವರೇ, ಕಾಲಿನ ಅಡಿಯ ಅಗಲವೆಷ್ಟು, ತುಂಬಿದಾಗ ಭಾರದ ನಡುಬಿಂದು ಎಷ್ಟು ಎತ್ತರದಲ್ಲಿದೆ?

ಹರಿವಾಣ

ಅಡಿಯ ತ್ರಿಜ್ಯ ಐದು ಸೆಂಟಿಮೀಟರ್. ತುಂಬಿದ ಮೇಲೆ ಗುರುತ್ವ ಕೇಂದ್ರ ಮೇಜಿನಿಂದ ಸುಮಾರು ಹದಿನೈದು ಸೆಂಟಿಮೀಟರ್ ಮೇಲೆ. ದುಂಡನೆಯ ಅಡಿಯ ಬದಲು ಮೂರು ಕಾಲು ಕೊಡುವ ಯೋಚನೆಯೂ ಇದೆ. ಬೆಟ್ಟದ ಬೇರುಗಳಂತೆ ಕಂಡರೆ ಚೆನ್ನ.

ಎರಕದ ಮನೆ

ಈಗಿರುವಂತೆ ಅದು ಹದಿನೆಂಟು ಡಿಗ್ರಿ ವಾಲಿದರೆ ಮಗುಚುತ್ತದೆ. ಉದ್ದನೆಯ ಚಮಚ ಒಂದು ಬದಿಗೆ ಒರಗಿದ್ದು, ಯಾರದೋ ತೋಳು ತಾಗಿದರೆ ಅಷ್ಟು ಸಾಕು. ಅಡಿಯ ತ್ರಿಜ್ಯವನ್ನು ಎಂಟಕ್ಕೆ ಏರಿಸಿದರೆ ಇಪ್ಪತ್ತೆಂಟು ಡಿಗ್ರಿ ಸಿಗುತ್ತದೆ. ನನಗಾದರೆ ಅದಕ್ಕಿಂತ ಕಡಿಮೆ ಇರುವುದನ್ನು ಮೇಜಿನ ಮೇಲೆ ಇಡಲು ಧೈರ್ಯವಿಲ್ಲ.

ಮೂರು ಕಾಲಿನ ಪಾತ್ರೆ ಎಂಥ ಅಂಕುಡೊಂಕು ಮೇಜಿನ ಮೇಲೂ ಕುಣಿಯುವುದಿಲ್ಲ. ಸುಡುವಾಗ ಕಾಲುಗಳು ತುಸು ಬಾಗಿದರೂ ಮೂರೂ ನೆಲ ಮುಟ್ಟುತ್ತವೆ. ಆದರೆ ಅದು ಮಗುಚುವುದು ಎರಡು ಕಾಲುಗಳ ನಡುವಿನ ಗೆರೆಯ ಮೇಲೆ. ಮಧ್ಯದಿಂದ ಆ ಗೆರೆಗೆ ಇರುವ ದೂರ, ಮಧ್ಯದಿಂದ ಕಾಲಿಗೆ ಇರುವ ದೂರದ ಅರ್ಧ ಮಾತ್ರ. ಎಂಟು ಸೆಂಟಿಮೀಟರ್ ದೂರದಲ್ಲಿ ಮೂರು ಕಾಲು ಕೊಟ್ಟರೆ ನಿಜವಾದ ಆಧಾರ ನಾಲ್ಕೇ ಸೆಂಟಿಮೀಟರ್. ಈಗಿರುವ ದುಂಡು ಅಡಿಗಿಂತಲೂ ಕಡಿಮೆಯಾಯಿತು. ನಾಲ್ಕು ಕಾಲು ಕೊಟ್ಟರೆ ಐದೂ ಮುಕ್ಕಾಲು ಬರುವುದಾದರೂ ಅದು ಕುಣಿಯುವ ಭಯವಿದೆ.

ಮೂರು ಕಾಲೇ ಬೇಕು ಎಂದರೆ ಅವನ್ನು ಹೊರಕ್ಕೆ ಚಾಚಿ, ಬಟ್ಟಲನ್ನು ಅವುಗಳ ನಡುವೆ ತಗ್ಗಿಸಿ ಕೂರಿಸಿ. ಚೀನಾದಲ್ಲಿ ಶಾಂಗ್ ಅರಸುಮನೆಯ ಫು ಹಾವೊ ಎಂಬಾಕೆಯ ಸಮಾಧಿಯನ್ನು 1976ರಲ್ಲಿ ಅಗೆದಾಗ ಗೂಬೆಯ ಆಕಾರದ ಕಂಚಿನ ಮದ್ಯಪಾತ್ರೆಗಳು ಸಿಕ್ಕವು. ಗೂಬೆಗೆ ಎರಡೇ ಕಾಲು, ಆದರೆ ಹಿಂದೆ ಬಾಲವನ್ನು ನೆಲಕ್ಕೆ ಊರಿಸಿ ಮೂರನೆಯ ಕಾಲು ಮಾಡಿದ್ದಾರೆ. ತಲೆಯ ಹಿಂಭಾಗವೇ ಮುಚ್ಚಳ. ಮೂರು ಸಾವಿರ ವರ್ಷಗಳ ಹಿಂದಿನ ಎರಕದವನು ಹಕ್ಕಿಯನ್ನೂ ಕೆಡಿಸಲಿಲ್ಲ, ಪಾತ್ರೆಯನ್ನೂ ಬೀಳಿಸಲಿಲ್ಲ.

ಬಡಿಸುವ ಕೈ

ಬಟ್ಟಲಿನ ಎತ್ತರಕ್ಕೆ ಇನ್ನೊಂದು ಮಿತಿಯೂ ಇದೆ. ಮೇಜಿನ ನಡುವೆ ಮೂವತ್ತು ಸೆಂಟಿಮೀಟರ್ ದಾಟಿದ ವಸ್ತು ಇಟ್ಟರೆ ಎದುರು ಕುಳಿತವರ ಮುಖಕ್ಕೆ ಅಡ್ಡ ಬರುತ್ತದೆ. ಅತಿಥಿಗಳು ಅದನ್ನು ಪಕ್ಕಕ್ಕೆ ಸರಿಸುತ್ತಾರೆ, ನಿಮ್ಮ ಬೆಟ್ಟಸಾಲು ಅಲ್ಲಿಗೆ ಮುರಿಯಿತು.

ರಸಾಯನ

ಮೆರುಗಿನ ಬಗ್ಗೆ, ಅಂದರೆ ಸುಟ್ಟಾಗ ಗಾಜಿನಂತಾಗುವ ಗ್ಲೇಜ್ ಲೇಪದ ಬಗ್ಗೆ, ಎಚ್ಚರ. ಹೊಳಪಿಲ್ಲದ ಗ್ಲೇಜ್ ಶಿಲ್ಪಕ್ಕೆ ಬಹಳ ಒಪ್ಪುತ್ತದೆ, ನೆರಳು ಬೆಳಕು ಚೆನ್ನಾಗಿ ಕಾಣುತ್ತದೆ. ಆದರೆ ಅಂಥ ಕೆಲವು ಮೆರುಗುಗಳ ಮೇಲ್ಮೈ ಸೂಕ್ಷ್ಮವಾಗಿ ಒರಟಾಗಿದ್ದು ಅರದಂತೆ ವರ್ತಿಸುತ್ತದೆ. ಉಕ್ಕಿನ ಚಮಚ ಎಳೆದಲ್ಲೆಲ್ಲ ಲೋಹ ಸವೆದು ಬೂದು ಗೆರೆ ಉಳಿಯುತ್ತದೆ. ನೀವು ಕಾಳಜಿ ವಹಿಸುತ್ತಿರುವ ಅರ್ಧ ಖಾಲಿಯಾದ ತಳದಲ್ಲಿ ಮೊದಲು ಕಾಣುವುದು ಆ ಗೆರೆಗಳೇ. ಒಳಗೆ ನುಣುಪಾದ ಹೊಳಪಿನ ಮೆರುಗು, ಹೊರಗೆ ಮತ್ತು ಶಿಖರಗಳ ಹೊರಮೈಯಲ್ಲಿ ಮಂಕು ಮೆರುಗು ಎಂದು ಹಂಚಿಕೊಳ್ಳಿ.

ಪದಾರ್ಥ ತಾಗುವ ಕಡೆ ಸೀಸ, ಕ್ಯಾಡ್ಮಿಯಂ ಇರುವ ಮೆರುಗು ಬೇಡವೇ ಬೇಡ. ತೊಳೆಯುವವ ಅವರು ಹೇಳಿದ ಪಲಿಸಿಯ ಹರಿವಾಣಗಳು ಸೀಸದ ಮೆರುಗಿನವು, ಇನ್ನೊಂದು ಕಾರಣಕ್ಕೂ ಅವನ್ನು ಊಟಕ್ಕೆ ತರಬಾರದು. ಪ್ರಯೋಗಾಲಯಗಳಲ್ಲಿ 4 ಶೇಕಡಾ ಅಸಿಟಿಕ್ ಆಮ್ಲವನ್ನು ಪಾತ್ರೆಯಲ್ಲಿ 24 ಗಂಟೆ ಇಟ್ಟು, ಅದರೊಳಗೆ ಎಷ್ಟು ಸೀಸ ಬಿಟ್ಟಿತು ಎಂದು ಅಳೆಯುತ್ತಾರೆ. ಮನೆಯಲ್ಲಿ ವಿನಿಗರ್ ಹಾಕಿಟ್ಟು ಬಣ್ಣ ಕೆಟ್ಟಿದೆಯೇ ಎಂದು ನೋಡಬಹುದು. ಬಣ್ಣ ಕೆಡಲಿಲ್ಲವೆಂದರೆ ಸೀಸವಿಲ್ಲ ಎಂದು ಅರ್ಥ ಮಾಡಿಕೊಳ್ಳಬೇಡಿ.

ಇದನ್ನು ಓದಿ ಲೋಹದಲ್ಲಿ ಮಾಡಹೊರಡುವವರಿಗೂ ಒಂದು ಮಾತು. ಹುಳಿ ತಾಗಿದರೆ ತಾಮ್ರ, ಹಿತ್ತಾಳೆಗಳು ಕಿಲುಬುತ್ತವೆ. ಒಳಮೈಗೆ ತವರದ ಕಲಾಯಿ ಬೇಕು. ತವರ 232 ಡಿಗ್ರಿಗೇ ಕರಗುವುದರಿಂದ ಕಲಾಯಿ ಮಾಡಿದ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲೆ ಬಿಡುವಂತಿಲ್ಲ. ಆಳವಾದ ಒಳಕೊರೆತಗಳಿದ್ದರೆ ಕಲಾಯಿಯವನ ಬಟ್ಟೆ ಅಲ್ಲಿಗೆ ಹೋಗುವುದಿಲ್ಲ. ಹೀಗಾಗಿ ತೊಳೆಯುವವ ಅವರ ಕಿರುಬೆರಳಿನ ನಿಯಮ ಲೋಹಕ್ಕೂ ಸಲ್ಲುತ್ತದೆ.

ಉಳಿಪೆಟ್ಟು

ಎಲ್ಲರೂ ಸೇರಿ ಒಂದು ಒಳ್ಳೆಯ ಶಿಲ್ಪವನ್ನು ಆಸ್ಪತ್ರೆಯ ತಟ್ಟೆ ಮಾಡುತ್ತಿದ್ದೀರಿ. ಮೂಲೆ ಬೇಡ, ಕೊರೆತ ಬೇಡ, ಎತ್ತರ ಬೇಡ, ಮೂರು ಕಾಲೂ ಬೇಡ.

1990ರಲ್ಲಿ ಅಲೆಸ್ಸಿ ಸಂಸ್ಥೆ ಹೊರತಂದ ವಿನ್ಯಾಸಕಾರ ಫಿಲಿಪ್ ಸ್ಟಾರ್ಕ್ ಅವರ ಹಣ್ಣು ಹಿಂಡುವ ಸಾಧನ ಹಿಂಡುವುದರಲ್ಲಿ ಅಂಥ ನಿಪುಣವಲ್ಲ ಎಂದು ಅಂದಿನಿಂದ ಇಂದಿನವರೆಗೂ ಹೇಳುತ್ತಲೇ ಇದ್ದಾರೆ. ಚಿನ್ನದ ಲೇಪದ ಆವೃತ್ತಿಯಂತೂ ಅಲಂಕಾರಕ್ಕೆ ಮಾತ್ರ, ಹುಳಿ ತಾಗಿದರೆ ಲೇಪ ಕೆಡುತ್ತದೆ. ಆದರೂ ಜನ ಅದರ ಸುತ್ತ ನಿಂತು ಮಾತಾಡುತ್ತಾರೆ. ಅತಿಥಿಗಳ ನಡುವೆ ಮಾತು ಹುಟ್ಟಿಸುವುದೂ ಬಡಿಸುವ ಪಾತ್ರೆಯ ಕೆಲಸವೇ ಅಲ್ಲವೇ?

ಹರಿವಾಣ

ಉಳಿಪೆಟ್ಟು ಅವರೇ, ಮಾತು ಹುಟ್ಟಬೇಕು ಎಂಬುದನ್ನು ಒಪ್ಪುತ್ತೇನೆ. ಎಂಥ ಮಾತು ಎಂಬುದು ಪ್ರಶ್ನೆ. "ಇದನ್ನು ಹೇಗೆ ಹಿಡಿಯುವುದು?" ಎಂಬ ಮಾತು ನನಗೆ ಬೇಡ. ಪದಾರ್ಥ ಇಳಿಯುತ್ತ ಹೋದಂತೆ ತಳದಿಂದ ಒಂದು ದಿಬ್ಬ ಮೇಲೇಳುವುದನ್ನು ಕಂಡು, "ಇಲ್ಲಿ ಏನೋ ಇದೆಯಲ್ಲ" ಎಂದು ಐದನೆಯವರೋ ಆರನೆಯವರೋ ಚಮಚದಿಂದ ಸರಿಸಿ ನೋಡಿದರೆ ನನಗೆ ಸಾಕು. ಬರಿದಾಗಿ ಗೂಡಿನಲ್ಲಿದ್ದಾಗಲೂ ಅದೇ ದಿಬ್ಬ ಕಾಣುತ್ತಲೇ ಇರುತ್ತದೆ, ನಿಮ್ಮ ಪಾಲೂ ಉಳಿಯಿತು.

ನೀವು ದೊರೆಯ ಉಪ್ಪಿನ ಪಾತ್ರೆ ತಂದಿರಿ, ನಾನು ಇನ್ನೊಂದನ್ನು ತರುತ್ತೇನೆ. ಜರ್ಮನಿಯ ಮೈಸೆನ್ ಪಿಂಗಾಣಿ ಕಾರ್ಖಾನೆಯಲ್ಲಿ ಯೋಹಾನ್ ಯೋಆಕಿಮ್ ಕ್ಯಾಂಡ್ಲರ್ 1737ರಿಂದ ಕೆಲವು ವರ್ಷ ಕೂತು ಕೌಂಟ್ ಬ್ರೂಲ್‌ಗಾಗಿ ಎರಡು ಸಾವಿರಕ್ಕೂ ಹೆಚ್ಚು ಪಾತ್ರೆಗಳ ಹಂಸದ ಸೆಟ್ ಮಾಡಿದ. ಅವನೂ ಶಿಲ್ಪಿಯೇ. ಎತ್ತರದ ಪಾತ್ರೆಗಳಲ್ಲಿ ಮೈದುಂಬಿದ ಶಿಲ್ಪಗಳನ್ನು ಮನಸಾರೆ ಎಬ್ಬಿಸಿದ್ದಾನೆ. ಊಟದ ತಟ್ಟೆಗೆ ಬಂದಾಗ ಮಾತ್ರ ಹಂಸ, ಕೊಕ್ಕರೆ, ಜೊಂಡುಗಳೆಲ್ಲ ನೀರಿನ ಮೇಲ್ಮೈಯಷ್ಟೇ ತೆಳುವಾದ ಉಬ್ಬುಚಿತ್ರ. ಚಮಚ ಅವುಗಳ ಮೇಲೆ ತಡೆಯಿಲ್ಲದೆ ಹೋಗುತ್ತದೆ, ತಟ್ಟೆ ಬರಿದಾದಂತೆ ಹಂಸಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ.

ಉಳಿಪೆಟ್ಟು

ಕ್ಯಾಂಡ್ಲರ್ ವಿಷಯದಲ್ಲಿ ನಿಮ್ಮದು ಗೆಲುವು ಎಂದುಕೊಳ್ಳಿ. ಗೂಡಿನಲ್ಲಿ ನಿಂತ ಪಾತ್ರೆಯ ಬಗ್ಗೆ ನನ್ನ ಮಾತು ಬದಲಾಗಿಲ್ಲ. ಆ ದಿಬ್ಬ ಒಂದೂವರೆ ಸೆಂಟಿಮೀಟರಿಗೆ ನಿಂತರೆ ನಾಲ್ಕು ಹೆಜ್ಜೆ ದೂರದಿಂದ ಏನೂ ಕಾಣದು. ಪದಾರ್ಥ ತಾಗದ ಶಿಖರದ ಹಿಂಬದಿಯಲ್ಲಾದರೂ ನನ್ನ ಉಳಿಗೆ ಜಾಗ ಬಿಡಿ.

ಹರಿವಾಣ

ಬಿಟ್ಟೆ. ಹಿಂಬದಿ ಪೂರ್ತಿ ನಿಮ್ಮದು.

ಇನ್ನು ಉಳಿದಿರುವುದು ಮೂತಿಯ ಪಾತ್ರೆ. ಅದರ ಮೂತಿಯನ್ನು ಕೊನೆಯ ಶಿಖರವಾಗಿ ಎಳೆದಿದ್ದೇನೆ. ತುದಿ ದುಂಡಾಗಿ ಹೊರಕ್ಕೆ ಮಗುಚಿದೆ. ಸುರಿದ ಮೇಲೆ ಹನಿ ಕೆಳಗೆ ಇಳಿಯುತ್ತದೆ ಎಂದು ಹೆದರಿಕೆ.

ಮಣ್ಣಿನ ಹದ

ಇಳಿದೇ ಇಳಿಯುತ್ತದೆ. ನಿಧಾನವಾಗಿ ಸುರಿದಾಗ ದ್ರವ ದುಂಡನೆಯ ಅಂಚನ್ನು ಬಿಟ್ಟು ಹಾರುವುದಿಲ್ಲ, ಸುತ್ತಿಕೊಂಡು ಅಡಿಗೆ ಹೋಗುತ್ತದೆ. 1956ರಲ್ಲಿ ವಿಜ್ಞಾನಿ ಮಾರ್ಕಸ್ ರೈನರ್ ಇದಕ್ಕೆ ಟೀಪಾಟ್ ಪರಿಣಾಮ ಎಂದು ಹೆಸರಿಟ್ಟರು. ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯದವರು 2021ರಲ್ಲಿ ಅದರ ವಿವರವಾದ ಸಿದ್ಧಾಂತವನ್ನೇ ಪ್ರಕಟಿಸಿದರು. ಅಂಚಿನ ಅಡಿಯಲ್ಲಿ ಸದಾ ಒಂದು ಹನಿ ನಿಂತು ಅಲ್ಲಿ ಒದ್ದೆ ಉಳಿಸುತ್ತದೆ, ಹರಿವು ಸಣ್ಣದಾದಾಗ ಉಳಿದದ್ದನ್ನು ಅದೇ ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ಕೈಯಲ್ಲಿ ಮಾಡಬೇಕಾದದ್ದು ಇಷ್ಟು. ಮೂತಿಯ ತುದಿಯ ಅಡಿಮುಖವನ್ನು ಒಳಕ್ಕೆ ಕತ್ತರಿಸಿ ಚೂಪಾದ ಅಂಚು ಮಾಡಿ. ಮೆರುಗು ದಪ್ಪನಾಗಿ ಕೂತರೆ ಆ ಚೂಪು ಮತ್ತೆ ದುಂಡಾಗುತ್ತದೆ, ಆದ್ದರಿಂದ ಮೆರುಗು ಹಚ್ಚಿದ ಮೇಲೆ ತುದಿಯನ್ನು ಒದ್ದೆ ಸ್ಪಂಜಿನಿಂದ ಒರೆಸಿ ತೆಳುವಾಗಿಸಿ. ಮೂತಿಯ ಗಂಟಲು ತುದಿಯ ಕಡೆಗೆ ಕಿರಿದಾಗುತ್ತ ಹೋಗಲಿ, ಹರಿವಿಗೆ ವೇಗ ಬರುತ್ತದೆ. ತುದಿ ಪಾತ್ರೆ ತುಂಬುವ ಮಟ್ಟಕ್ಕಿಂತ ಮೇಲಿರಬೇಕು, ನಿಮ್ಮದು ಶಿಖರವೇ ಆಗಿರುವುದರಿಂದ ಅದರ ಚಿಂತೆಯಿಲ್ಲ.

ಹೊರಕ್ಕೆ ಮಗುಚಿದ ಆ ದುಂಡು ತುಟಿಯನ್ನು ಉಳಿಸಿಕೊಳ್ಳುವ ಆಸೆಯಿದ್ದರೆ ಹೇಳಿಬಿಡಿ, ಹನಿ ಹಿಡಿಯಲು ಅಡಿಗೊಂದು ಚಿಕ್ಕ ತಟ್ಟೆ ಮಾಡಬೇಕಾಗುತ್ತದೆ. ಆಗ ಪಾತ್ರೆಗಳು ನಾಲ್ಕಾಗುತ್ತವೆ, ಬೆಟ್ಟಸಾಲಿನ ಗೆರೆಯಲ್ಲಿ ಅದಕ್ಕೂ ಜಾಗ ಹುಡುಕಬೇಕು.

ಹರಿವಾಣ

ತುಟಿ ಕತ್ತರಿಸುತ್ತೇನೆ. ಬಟ್ಟಲಿಗೆ ದುಂಡು ಅಡಿ, ಎಂಟು ಸೆಂಟಿಮೀಟರ್. ಗೆರೆಕೋನ ಅವರೇ, 113.6ರ ಲೆಕ್ಕದಲ್ಲಿ ಮಾದರಿಯ ಕಡತ ಕಳುಹಿಸುತ್ತೇನೆ. ಹರಿವಾಣ ನಿಮ್ಮ ಯಂತ್ರದಲ್ಲಿ ಎರಡು ತುಂಡಾಗಿ ಮುದ್ರಣವಾಗುವುದಾದರೆ ಜೋಡಣೆಯ ಗೆರೆಯನ್ನು ಎಲ್ಲಿಡಬೇಕು?

ಗೆರೆಕೋನ

ಉದ್ದನೆಯ ಬದಿಗಳಲ್ಲಿ ಎದುರುಬದುರಾಗಿರುವ ಎರಡು ತಗ್ಗುಗಳನ್ನು ಕೂಡಿಸುವಂತೆ, ಅಡ್ಡಲಾಗಿ. ಅಲ್ಲಿ ಅಂಚು ತಗ್ಗಾಗಿರುವುದರಿಂದ ಅಂಟಿಸಿ ಉಜ್ಜುವುದು ಸುಲಭ. ಶಿಖರದ ಮೇಲೆ ಮಾತ್ರ ಬೇಡ, ಉಳಿಪೆಟ್ಟು ಅವರ ಉಳಿ ಸರಿಯಾಗಿ ಅದೇ ಗೆರೆಗೆ ಬೀಳುತ್ತದೆ.